ತುಂಬಿಟ್ಟ ಬಟ್ಟಲು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಹಿಮದ ಶಿಖರಗಳ ಮಡಿಲಲ್ಲಿ ಒಂದು ಪುಟ್ಟ ರಾಜ್ಯ ಇತ್ತಂತೆ. ಎಷ್ಟು ಪುಟ್ಟದು ಅಂದರೆ, ಈ ತುದಿಯ ಬುದ್ಧನ ಮಠದಲ್ಲಿ ಕಹಳೆ ಊದಿದರೆ ಆ ತುದಿಯ ಮಠದ ಭಿಕ್ಷುಗಳು ನಿದ್ದೆಯಿಂದ ಎದ್ದು ಕೂರುತ್ತಿದ್ದರಂತೆ. ಅಲ್ಲಿ ಭತ್ತ ಬೆಳೆಯುತ್ತಿತ್ತು, ಉಪ್ಪು ಇರಲಿಲ್ಲ. ಬೆಟ್ಟದ ಕಂಡಿ ದಾಟಿದರೆ ಉತ್ತರದ ನಾಡು. ಅಲ್ಲಿ ಉಪ್ಪು ಸಿಗುತ್ತಿತ್ತು, ಭತ್ತ ಇರಲಿಲ್ಲ. ಹೀಗೆ ಕೊಟ್ಟು ತಗೊಂಡು ಎರಡೂ ನಾಡು ಚೆನ್ನಾಗಿದ್ದವಂತೆ.

ಈ ಪುಟ್ಟ ರಾಜ್ಯದಲ್ಲಿ ಮನೆ, ಹೊಲ ಎಲ್ಲ ಹೆಣ್ಣುಮಕ್ಕಳದು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರಬೇಕು. ಉತ್ತರದ ಕುಂಜಾಂಗ್ ಉಪ್ಪು ಮಾರಲು ಬಂದವನು, ಯಾಂಗ್ಕಿ ಅನ್ನುವ ನೇಯ್ಗೆಯವಳನ್ನು ಮೆಚ್ಚಿ ಅವಳ ಮನೆಯಲ್ಲೇ ಉಳಿದನಂತೆ. ಆ ಕಡೆ ಅವನ ಅಮ್ಮ ಒಬ್ಬಳೇ.

ಎರಡೂ ನಾಡಿನಲ್ಲಿ ಒಂದು ಪದ್ಧತಿ ಇತ್ತು. ಮನೆಯವರು ದೂರ ಹೊರಟರೆ ಅವರ ಮರದ ಬಟ್ಟಲಿಗೆ ಚಹಾ ತುಂಬಿ, ಮುಚ್ಚಿ, ಗೋಡೆಯ ಗೂಡಿನಲ್ಲಿಡಬೇಕು. ದಿನಾ ಬೆಳಿಗ್ಗೆ ಹೊಸ ಚಹಾ ತುಂಬಬೇಕು. ಬೇರೆ ಯಾರೂ ಅದಕ್ಕೆ ಬಾಯಿ ಹಚ್ಚುವಂತಿಲ್ಲ. ಹೋದವರು ಬಂದು ಕುಡಿಯಬೇಕು. ಬಟ್ಟಲು ಬರಿದಾಗಿ ಉಳಿದರೆ ಹೋದವರು ಇನ್ನು ಬರುವುದಿಲ್ಲ ಅಂತ ಅರ್ಥ; ಬಂದವರು ಕುಡಿಯದೆ ಚೆಲ್ಲಿದರೆ ಆ ಮನೆಯವರೇ ಅಲ್ಲ ಅಂತ ಅರ್ಥ. ಕುಂಜಾಂಗ್ ಪ್ರತಿ ಬೇಸಿಗೆಯಲ್ಲಿ ಹೋಗಿ, ಅಮ್ಮ ತುಂಬಿಟ್ಟದ್ದನ್ನು ಕುಡಿದು ಬರುತ್ತಿದ್ದ.

ಅಷ್ಟರಲ್ಲಿ ಇಬ್ಬರು ರಾಜರಿಗೂ ಜಗಳ ಹತ್ತಿತಂತೆ. ಆ ರಾಜ ಬರೆದ ಓಲೆಯಲ್ಲಿ ಈ ರಾಜನ ಹೆಸರು ಎರಡನೇ ಸಾಲಿನಲ್ಲಿತ್ತಂತೆ. ಅಷ್ಟೇ ಕಾರಣ, ದೊಡ್ಡವರಿಗೆ ಅಷ್ಟು ಸಾಕು. "ಜನ ದಾಟಕೂಡದು, ದನ ದಾಟಕೂಡದು, ಭತ್ತ ದಾಟಕೂಡದು, ಉಪ್ಪು ದಾಟಕೂಡದು. ಭಿಕ್ಷುಗಳು ಮಾತ್ರ ಓಡಾಡಲಿ" ಅಂತ ಕಂಡಿಯಲ್ಲಿ ಕಾವಲು ಹಾಕಿದರು.

ಒಂದು ವರ್ಷ ಹೋಯಿತು, ಎರಡು ವರ್ಷ ಹೋಯಿತು, ಮೂರು ವರ್ಷ ಹೋಯಿತು. ರಾಜನಿಂದ ಹಿಡಿದು ಕುರಿ ಕಾಯುವವನ ತನಕ ಎಲ್ಲರೂ ಚಹಾಕ್ಕೆ ಹಾಕಲು ಉಪ್ಪಿಲ್ಲದೆ ಸಪ್ಪೆ ಚಹಾ ಕುಡಿದರು. ಕುಂಜಾಂಗ್ ದಿನಾ ಹೊಲದ ಬದುವಿನಲ್ಲಿ ನಿಂತು ಕಂಡಿಯ ಕಡೆ ನೋಡುತ್ತಿದ್ದ. ಅಮ್ಮ ಇಷ್ಟೊತ್ತಿಗೆ ಬಟ್ಟಲು ತೊಳೆದಿರುತ್ತಾಳೆ, ಇಷ್ಟೊತ್ತಿಗೆ ತುಂಬಿರುತ್ತಾಳೆ ಅಂತ ಅವನ ಜೀವ ಹಂಬಲಿಸುತ್ತಿತ್ತು.

ಒಂದು ದಿನ ಆ ಕಡೆಯಿಂದ ಬಂದ ಭಿಕ್ಷು ಹೇಳಿದನಂತೆ, "ಕುಂಜಾಂಗ್, ನಿಮ್ಮಮ್ಮನಿಗೆ ಕಣ್ಣು ಮಂಜಾಗ್ತಿದೆ. ಹುಣ್ಣಿಮೆ ದಿನ ನಿನ್ನ ಬಟ್ಟಲನ್ನ ಕಂಡಿಗೇ ತರ್ತಾಳಂತೆ."

"ರಾಜರು ಚಹಾ ದಾಟಕೂಡದು ಅಂದಿಲ್ವಲ್ಲ. ನಡಿ, ನಾನೂ ಬರ್ತೀನಿ" ಅಂದಳು ಯಾಂಗ್ಕಿ. ಗಂಡ ಅತ್ತ ಹೋದರೆ ತಿರುಗಿ ಬರುತ್ತಾನೋ ಇಲ್ಲವೋ ಅನ್ನುವ ದಿಗಿಲು ಅವಳಿಗೂ ಇತ್ತು. ಆದರೂ ಹೊರಟಳು.

ಕಂಡಿಯಲ್ಲಿ, ದಾರಿಹೋಕರು ಒಂದೊಂದೇ ಕಲ್ಲಿಟ್ಟು ಬೆಳೆಸಿದ ದೊಡ್ಡ ಗುಡ್ಡೆ. ಆ ಪಕ್ಕ ಅಮ್ಮ, ಈ ಪಕ್ಕ ಮಗ. ಅಮ್ಮ ತೊಗಲಿನ ಚೀಲದಿಂದ ಬಟ್ಟಲಿಗೆ ಚಹಾ ಸುರಿದು ಕಲ್ಲಿನ ಮೇಲಿಟ್ಟಳು. ಕುಂಜಾಂಗ್ ಎತ್ತಿಕೊಂಡ. ಇನ್ನೇನು ತುಟಿಗೆ ತಾಗಬೇಕು, ಕಾವಲಿನವನು ಕೈ ಹಿಡಿದ.

"ಆ ಕಡೆಯವರು ಈಗಲೂ ಚಹಾಕ್ಕೆ ಉಪ್ಪು ಹಾಕ್ತಾರೆ. ಉಪ್ಪು ದಾಟಕೂಡದು. ಚೆಲ್ಲು."

"ಚೆಲ್ಲಿದರೆ ನನ್ನ ಮಗ ನನ್ನವನಲ್ಲ ಅಂದ ಹಾಗಾಗುತ್ತೆ ಕಣಪ್ಪ" ಅಂದಳು ಅಮ್ಮ.

ಪದ್ಧತಿ ಕಾವಲಿನವನಿಗೂ ಗೊತ್ತು. ಅವನ ಕೈ ಸಡಿಲವಾಯಿತು. "ಹಾಗಾದ್ರೆ ರಾಜರೇ ಹೇಳಲಿ" ಅಂದ.

ಅಮ್ಮ ಅಲ್ಲೇ ಕಾವಲಿನವರ ಗುಡಿಸಲಲ್ಲಿ ಕೂತಳು. ಕುಂಜಾಂಗ್ ಯಾಂಗ್ಕಿಯ ಜೊತೆ, ಒಂದು ಹನಿ ತುಳುಕದ ಹಾಗೆ, ಸುತ್ತುಬಳಸಿನ ದಾರಿಯಲ್ಲಿ ಎರಡು ದಿನ ಇಳಿದು ಅರಮನೆಗೆ ಬಂದ.

"ಕಾಯಿಸಿ ಇಂಗಿಸೋಣ. ತಳದಲ್ಲಿ ಉಪ್ಪು ಉಳಿದರೆ ತಪ್ಪು ಸಾಬೀತು" ಅಂದ ಮಂತ್ರಿ, ಬಹಳ ಬುದ್ಧಿವಂತ.

ಯಾಂಗ್ಕಿ ಕೈಮುಗಿದಳು. "ಇಂಗಿಸಿದರೆ ನನ್ನ ಗಂಡನ ತವರು ಇಂಗಿಹೋಗುತ್ತೆ, ಪ್ರಭು. ಬೆರಳು ಅದ್ದಿ ನಾಲಿಗೆಗೆ ಇಟ್ಕೊಳ್ಳಿ. ಅದು ಏನು ಅಂತ ನೀವೇ ಹೇಳಿ."

ರಾಜ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಮೂರು ವರ್ಷದ ಸಪ್ಪೆ ನಾಲಿಗೆ. ಅವನು ಎದ್ದು ಕಿಟಕಿಯ ಹತ್ತಿರ ಹೋದನಂತೆ.

"ನಮ್ಮಮ್ಮ ಆ ನಾಡಿನವಳು" ಅಂದ. "ಸಾಯೋತನಕ ಕಿಟಕಿಯಲ್ಲಿ ಕೂತು ಆ ಕಂಡಿ ನೋಡ್ತಿದ್ದಳು. ಹೀಗೇ ಚಹಾ ಮಾಡ್ತಿದ್ದಳು."

"ತೀರ್ಪು ಏನಂತ ಬರೀಲಿ ಪ್ರಭು?" ಅಂದ ಮಂತ್ರಿ.

"ಬರೆದು ಬರೆದೇ ಇಷ್ಟಾಗಿದ್ದು. ಕಾವಲು ತೆಗೀರಿ."

ಕುಂಜಾಂಗ್ ಮತ್ತೆ ಎರಡು ದಿನ ಹತ್ತಿದ. ಅಮ್ಮನ ಎದುರು ಕೂತು ತಣ್ಣಗಾದ ಚಹಾವನ್ನು ಕೊನೇ ಗುಟುಕಿನ ತನಕ ಕುಡಿದ.

"ಆರಿಹೋಗಿತ್ತಲ್ಲೋ ಮಗ" ಅಂದಳು ಅವಳು, ಅವನ ಮುಖ ಸವರುತ್ತ.

"ಉಪ್ಪು ಸರಿಯಾಗಿತ್ತಮ್ಮ" ಅಂದ. ಅವಳ ಕೈ ಹಿಡಿದು ಆ ಕಡೆ ಇಳಿದ.

ಯಾಂಗ್ಕಿ ಒಬ್ಬಳೇ ಮನೆಗೆ ಬಂದು, ಅವನ ಇನ್ನೊಂದು ಬಟ್ಟಲಿಗೆ ಚಹಾ ತುಂಬಿ ಗೂಡಿನಲ್ಲಿಟ್ಟಳು. ದಿನಾ ತುಂಬಿದಳು. ಭತ್ತ ಹಣ್ಣಾಗುವ ಹೊತ್ತಿಗೆ ಅವನು ಉಪ್ಪಿನ ಮೂಟೆ ಹೊತ್ತು ಬಂದ. ಮೂಟೆ ಇಳಿಸುವ ಮೊದಲೇ ಗೂಡಿಗೆ ಕೈ ಚಾಚಿದ. ಅದೇ ಹೊತ್ತಿಗೆ, ಕಂಡಿಯ ಆ ಪಕ್ಕ, ಮಂಜುಗಣ್ಣಿನ ಮುದುಕಿ ಇನ್ನೊಂದು ಬಟ್ಟಲು ತುಂಬುತ್ತಿದ್ದಳಂತೆ. ಎರಡೂ ಬಟ್ಟಲನ್ನು ಒಂದೇ ದಿನ ಕುಡಿಯುವ ಭಾಗ್ಯ ಅವನಿಗೆ ಬದುಕಿರುವ ತನಕ ಸಿಗಲಿಲ್ಲ.

ಅವರ ಚಹಾ ಅಲ್ಲಿ ಬೆಚ್ಚಗಿರಲಿ, ನಮ್ಮ ಒಲೆ ಇಲ್ಲಿ ಬೆಚ್ಚಗಿರಲಿ.