ಉಪವಾಸದ ಕುಚ್ಚು ಮೀನು

ಬಾ ಮಗಾ, ಇಲ್ಲಿ ಕಾಲ ಹತ್ರ ಕೂತ್ಕೊ. ಬೆಳಿಗ್ಗೆಯಿಂದ ಸಂತೇಲಿ ಮೀನು ಬುಟ್ಟಿ ಮುಂದೆ ಕೂತೂ ಕೂತೂ ಮಂಡಿ ಸತ್ತೇ ಹೋಗ್ಯದೆ. ಮೆತ್ತಗೆ ಒತ್ತು, ಕತೆ ಹೇಳ್ತೀನಿ. ಹೂಂಗುಟ್ಟಬೇಕು ಮತ್ತೆ. ನೀನು ಹೂಂ ಅನ್ನೋದು ನಿಲ್ಸಿದ್ರೆ ನಾನೂ ಅಲ್ಲೇ ನಿಲ್ಸಿ ಮಲಗ್ಬಿಡ್ತೀನಿ, ಬೆಳಿಗ್ಗೆ ಎದ್ದು ಅಜ್ಜಿ ಮೋಸ ಮಾಡುದ್ಲು ಅಂತ ರಾಗ ಎಳೀಬೇಡ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೂ ಒಬ್ಬಳು ಅಜ್ಜಿ ಇದ್ಲಲ್ಲ, ಅವಳ ಕಾಲಕ್ಕೂ ಹಿಂದೆ, ಒಂದು ದೊಡ್ಡ ಕೆರೆ ಇತ್ತಂತೆ. ಕೆರೆ ಏರಿ ಕೆಳಗೆ ಬೆಟ್ಟಯ್ಯ ಅಂತ ಮೀನು ಹಿಡಿಯೋನು ಒಬ್ಬ ಇದ್ನಂತೆ. ಅವನಿಗೆ ಮೂರು ಮಕ್ಳು, ದೊಡ್ಡೋನು ಹೊಂಬಾಳ, ಆಮೇಲೆ ಕೆಂಚ, ಆಮೇಲೆ ದ್ಯಾವಿ ಅನ್ನೋ ಹುಡುಗಿ. ತಾಯಿ ಬೇಗ ತೀರ್ಕೊಂಡಿದ್ಲಂತೆ, ಅದಕ್ಕೆ ಬಲೆ ಬೀಸೋನೂ ಅವನೇ, ಹಿಟ್ಟು ತೊಳಸೋನೂ ಅವನೇ, ಮಗಳ ತಲೆ ಬಾಚೋನೂ ಅವನೇ. ಹಿಂಗೇ ಮಾಡೀ ಮಾಡೀ, ಮಕ್ಳು ಕೈಗೆ ಬರೋ ಹೊತ್ಗೆ ಸೋತು ಸುಣ್ಣ ಆಗಿ ಮೂಲೆ ಹಿಡಿದ್ನಂತೆ. ಜ್ವರ ಇಲ್ಲ, ನೋವಿಲ್ಲ, ಬರೀ ಸುಸ್ತು. ಮಲಗಿ ಎದ್ರೂ ಹೋಗದ ಸುಸ್ತು. ನಿಂಗೆ ಅದು ಗೊತ್ತಾಗಲ್ಲ ಬಿಡು, ನಂಗೆ ಗೊತ್ತು.

ಕುಚ್ಚು ಮೀನಿನ ಸಾರು ಕುಡಿಸ್ರಪ್ಪ, ಮೈಗೆ ಕಸುವು ಬರ್ತದೆ ಅಂದ್ರಂತೆ ಊರೋರು. ಕುಚ್ಚು ಮೀನು ಗೊತ್ತಲ್ಲ, ಹಾವಿನಂಥ ತಲೆ ಇರೋದು, ಮೊನ್ನೆ ಬುಟ್ಟಿಯಿಂದ ಹಾರಿ ನಿನ್ನ ಅಳಿಸ್ತಲ್ಲ, ಅದೇ. ಅದು ಕೆಸರಲ್ಲಿ ಅಡಗಿರೋ ಮೀನು, ಸುಲಭಕ್ಕೆ ಸಿಗಲ್ಲ. ಆದ್ರೆ ಮಳೆಗಾಲದಲ್ಲಿ ಜೊಂಡಿನ ಮಧ್ಯೆ ನೀರ ಮೇಲೆ ಕುಂಕುಮ ಚೆಲ್ಲಿದಂಗೆ ಮೀನು ಮರಿ ಗುಂಪು ಕಾಣ್ತಿತ್ತಂತೆ. ಅದರ ಹತ್ರ ಗಾಳಕ್ಕೆ ಕಪ್ಪೆ ಸಿಕ್ಸಿ ಇಳಿಬಿಟ್ರೆ ಸಾಕು, ಕೆಳಗಿಂದ ದೊಡ್ಡ ಕುಚ್ಚು ಬಂದು ಗಬಕ್ಕನೆ ಕಚ್ತಿತ್ತಂತೆ. ಗಾಳದೋರು ಏನಂದ್ಕೊಂಡಿದ್ರು ಅಂದ್ರೆ, ಈ ಹೊಟ್ಟೆಬಾಕ ಮರಿಗಳ್ನ ತಿನ್ನೋಕೆ ಬಂದದೆ, ನಾವು ಹಿಡಿದ್ರೆ ಮರಿಗೂ ಪುಣ್ಯ, ನಮಗೂ ಸಾರು. ಹೂಂ ಅನ್ನು.

ಹೊಂಬಾಳ ಒಂದು ಕುಚ್ಚು ತಂದ್ನಂತೆ. ದ್ಯಾವಿ ಅದಕ್ಕೆ ಬೂದಿ ಹಚ್ಚಿ ಉಜ್ಜಿ ಹೊಟ್ಟೆ ಸೀಳಿ ನೋಡಿದ್ರೆ, ಹೊಟ್ಟೆ ಖಾಲಿ. ಅಪ್ಪ ಸಾರು ಕುಡಿದು ಗೋಡೆಗೆ ಒರಗಿ ಕೂತ್ನಂತೆ. ಆಮೇಲೆ ಕೆಂಚ ಒಂದು ತಂದ್ನಂತೆ, ಅದರ ಹೊಟ್ಟೇನೂ ಖಾಲಿ. ಅಪ್ಪ ಬಾಗಿಲ ತನಕ ಬಂದ್ನಂತೆ. ದ್ಯಾವಿಗೆ ಮಾತ್ರ ತಲೇಲಿ ಹುಳ ಬಿಟ್ಟಂಗಾಯ್ತು. ಮರಿ ತಿನ್ನೋಕೆ ಬಂದಿದ್ರೆ ಹೊಟ್ಟೇಲಿ ಒಂದಾದ್ರೂ ಮರಿ ಇರಬೇಕಿತ್ತಲ್ಲ. ಕೆರೆಗೆ ಹೋಗಿ ನೋಡಿದ್ರೆ, ದೊಡ್ಡ ಮೀನು ಹಿಡಿದ ಜಾಗದಲ್ಲಿ ಕೊಕ್ಕರೆ, ಕಪ್ಪೆ, ಬೇರೆ ಮೀನು ಎಲ್ಲಾ ಸೇರಿ ಆ ಕೆಂಪು ಗುಂಪನ್ನ ಒಂದೂ ಬಿಡದಂಗೆ ಮುಗಿಸಿದ್ವಂತೆ. ಅಷ್ಟು ದೊಡ್ಡ ಕೆರೇಲಿ ಇನ್ನು ಉಳಿದಿದ್ದು ಒಂದೇ ಕೆಂಪು ಗುಂಪು.

ಅವಳು ಅದರ ಮುಂದೆ ಹೋಗಿ ಕೂತ್ಲಂತೆ. ಮಡಿಲಲ್ಲಿ ಸಾರಿಗೆ ಅಂತ ಕಿತ್ತಿದ್ದ ಬದನೆಕಾಯಿ ಇತ್ತು, ತೊಟ್ಟು ಮುರಿದು ದಾರಕ್ಕೆ ಕಟ್ಟಿ ಮರಿಗಳ ಹತ್ರ ಇಳಿಬಿಟ್ಲಂತೆ. ಬಂತು ನೋಡು ಕುಚ್ಚು, ತೊಟ್ಟಿಗೆ ಬಾಯಿ ಹಾಕಿ ಒದರಿ ಥೂ ಅಂತ ಉಗೀತು. ಕಡ್ಡಿ ಇಳಿಬಿಟ್ಲು, ಕಚ್ಚಿ ಉಗೀತು. ಬಟ್ಟೆ ಚೂರು ಬಿಟ್ಲು, ಅದನ್ನೂ ಕಚ್ಚಿ ಉಗೀತು. ಮೂಗಿನ ಮುಂದೆ ಆಡೋ ಮರಿಗಳ್ನ ಮಾತ್ರ ಮುಟ್ಟಲಿಲ್ಲ. ಅಯ್ಯೋ ಶಿವನೇ, ಇದು ಹಸಿವಲ್ಲ, ಸಿಟ್ಟು ಅಂತ ಅವಳಿಗೆ ಆಗ ಹೊಳೀತು. ತನ್ನ ಮಕ್ಕಳ್ನ ಕಾಯ್ತಾ ಕಾಯ್ತಾ ಅದಕ್ಕೆ ತಿನ್ನೋಕೂ ಪುರುಸೊತ್ತಿರಲಿಲ್ಲ.

ಅಣ್ಣಂದಿರಿಗೆ ಹೇಳುದ್ಲು, ಬಿದ್ದು ಬಿದ್ದು ನಕ್ರು. ಏರಿ ಮೇಲೆ ಗಾಳ ಹಾಕೋರಿಗೆ ಹೇಳುದ್ಲು, ಹೋಗಿ ಹಿಟ್ಟು ತೊಳಸಮ್ಮ ಅಂದ್ರು. ಹೇಳೀ ಹೇಳೀ ಬಾಯಿ ಒಣಗಿ, ಮೂರನೇ ಸಲ ಮಾತೇ ಆಡದೆ ಎಲ್ಲರನ್ನೂ, ಊರ ಮಕ್ಕಳು ಮರಿ ಸಮೇತ, ಕೆರೆ ಹತ್ರ ಕರ್ಕೊಂಡು ಹೋಗಿ ಬದನೆ ತೊಟ್ಟು ಇಳಿಬಿಟ್ಲಂತೆ. ಕುಚ್ಚು ಕಚ್ಚಿ ಉಗೀತು. ಮಕ್ಕಳು ನಕ್ವು, ದೊಡ್ಡೋರು ನಗಲಿಲ್ಲ.

ಹೊಂಬಾಳನಿಗೆ ಅರ್ಥ ಆಯ್ತು, ಆದ್ರೂ ಗಾಳ ಕೆಳಗಿಡಲಿಲ್ಲ. ಇನ್ನೊಂದು ಸಾರು ಕುಡಿದ್ರೆ ಅಪ್ಪ ಎದ್ದು ಓಡಾಡ್ತಾನೆ ಅಂತ ಅವನ ಆಸೆ. "ಅಪ್ಪ ಬೇಕೋ ಮೀನು ಬೇಕೋ, ನೀನೇ ಹೇಳು ದ್ಯಾವಿ" ಅಂದ್ನಂತೆ. ಅಪ್ಪನ್ನೇ ಕೇಳೋಣ ಬನ್ನಿ ಅಂದ್ಲಂತೆ ದ್ಯಾವಿ.

ಮೂವರೂ ಅಪ್ಪನ ಹತ್ರ ಹೋಗಿ ಇದ್ದದ್ದು ಇದ್ದಂಗೆ ಹೇಳಿದ್ರಂತೆ. ಬೆಟ್ಟಯ್ಯ ಕಣ್ಮುಚ್ಕೊಂಡು ಎಲ್ಲಾ ಕೇಳಿ, ಎರಡು ಸಲ ಕುಡಿದ ಸಾರು ನೆನೆಸ್ಕೊಂಡು, ಆಮೇಲೆ ಹೇಳಿದ್ನಂತೆ. "ಅದರ ಕೆಲಸ ಮುಗೀಲಿ ಬಿಡ್ರಪ್ಪ. ನನ್ನ ಕೆಲಸ ಮುಗಿದದೆ, ನಾನು ಕಾಯ್ತೀನಿ."

ಆಮೇಲೆ ಅವನಿಗೆ ಬರೀ ಅಂಬಲಿ, ಸೊಪ್ಪಿನ ಸಾರು. ದಿನಾ ಬೆಳಿಗ್ಗೆ ಮಗಳ ಹೆಗಲು ಹಿಡ್ಕೊಂಡು, ಅಲ್ಲಲ್ಲಿ ಕೂತು ಏಳ್ತಾ, ಏರಿ ಮೇಲೆ ಹೋಗ್ತಿದ್ನಂತೆ. ಗಾಳ ಹಿಡ್ಕೊಂಡು ಬಂದೋರಿಗೆ, ಆಡೋಕೆ ಬಂದ ಹುಡುಗ್ರಿಗೆ, ಕೆಂಪು ಇರೋ ತನಕ ಕುಚ್ಚು ಮುಟ್ಟಬೇಡಿ, ಅದು ಕಾವಲಿಗಿದೆ, ಮರಿ ಬಣ್ಣ ಕಪ್ಪಾಗಿ ಗುಂಪು ಚದುರಿದ ಮೇಲೆ ಹಿಡ್ಕೊಳ್ಳಿ ಅಂತ ಹೇಳಿದ್ದೇ ಹೇಳೋದು. ಕೆಲವರು ಕೇಳ್ತಿದ್ರು, ಕೆಲವರು ಮುಖ ಗಂಟು ಹಾಕ್ಕೊಂಡು ಹೋಗ್ತಿದ್ರು. ಕೊನೆಗೆ ಹುಡುಗ್ರೇ ಬದನೆ ತೊಟ್ಟು ಇಳಿಬಿಟ್ಟು ಬಂದೋರಿಗೆಲ್ಲಾ ತೋರಿಸೋಕೆ ಶುರು ಮಾಡಿದ್ರಂತೆ. ಬೆಟ್ಟಯ್ಯನಿಗೆ ಅಷ್ಟು ಬಾಯಿ ನೋವು ತಪ್ತು.

ದಿನ ಕಳೀತು. ಮರಿಗಳ ಕೆಂಪು ಹೋಗಿ, ಬೆನ್ನು ಕಪ್ಪಾಗಿ, ಒಂದು ಆ ಕಡೆ ಒಂದು ಈ ಕಡೆ ಚದುರಿ ಹೋದ್ವಂತೆ. ಆಮೇಲೆ ಒಂದಿನ ಹೊಂಬಾಳ ಗಾಳ ಹಾಕಿ ಒಂದು ಕುಚ್ಚು ತಂದ್ನಂತೆ. ಅದೇ ಮೀನೋ ಬೇರೇದೋ, ನಂಗೊತ್ತಿಲ್ಲ, ಕೇಳಬೇಡ. ದ್ಯಾವಿ ಹಸನು ಮಾಡಿ, ಖಾರ ಅರೆದು, ಸಾರು ಕಾಸಿ ಅಪ್ಪನ ಮುಂದೆ ತಟ್ಟೆ ಇಟ್ಲಂತೆ. ಬಡಿಸೋಕೆ ಹೋದ್ರೆ ಅವನು ತಟ್ಟೆಗೆ ಕೈ ಅಡ್ಡ ಇಟ್ನಂತೆ.

"ಅದು ಉಂಡಿತ್ತೇನವ್ವ?"

"ಉಂಡಿತ್ತು ಕಣಪ್ಪಯ್ಯ. ಹೊಟ್ಟೆ ತುಂಬಾ ಸೀಗಡಿ ಇತ್ತು."

"ಹಂಗಾದ್ರೆ ಬಡ್ಸು" ಅಂದ್ನಂತೆ.

ನಾಲ್ಕೂ ಜನ ಒಟ್ಟಿಗೆ ಕೂತು ಉಂಡ್ರಂತೆ. ಬರೋ ಮಳೆಗೆ ಆ ಕೆರೇಲಿ ಎಲ್ಲಿ ನೋಡಿದ್ರೂ ಕೆಂಪು ಗುಂಪು ಅಂತೆ.

ಏನೇ, ಹೂಂ ಅನ್ನಲ್ವಾ? ಮಲಗ್ಬಿಟ್ಯಾ? ಸರಿ ಮಲಗು, ಕತೆ ಅಷ್ಟೇ, ಮುಗೀತು. ನಿಮ್ಮವ್ವ ಬಟ್ಟೆ ಕಾರ್ಖಾನೆಯಿಂದ ಇನ್ನೂ ಬಂದಿಲ್ಲ. ಅವಳು ಬಂದು ಉಣ್ಣಲಿ, ಆಮೇಲೆ ನಾನೂ ಮಲಗ್ತೀನಿ.