ಸರಪಳಿ ಕಳಚಿದ ಸಿಡಿಗುಂಡು

ಮಹಾಯುದ್ಧದ ಕಾಲದಲ್ಲಿ ಶತ್ರುಗಳು ಒಂದು ಬಂದರಿನ ಹಾದಿಯಲ್ಲಿ, ನೀರಿನೊಳಗೆ, ಹಡಗು ತಾಗಿದರೆ ಸಾಕು ಸಿಡಿಯುವ ಸಿಡಿಗುಂಡುಗಳನ್ನು ಸರಪಳಿಯಿಂದ ತಳಕ್ಕೆ ಕಟ್ಟಿ ಹೋಗಿದ್ದರು. ಅವನ್ನು ತೆಗೆಯುವ ಕೆಲಸ ಭುಜಬಲ, ಸೀಗಡಿ ಎಂಬ ಎರಡು ಹಡಗುಗಳದು. ನಡುವೆ ಉಕ್ಕಿನ ಹಗ್ಗವೊಂದನ್ನು ಎಳೆದುಕೊಂಡು ಎರಡೂ ಜೊತೆಯಾಗಿ ಸಾಗುತ್ತಿದ್ದವು. ಹಗ್ಗ ತಗುಲಿ ಸರಪಳಿ ತುಂಡಾದರೆ ಗುಂಡು ಮೇಲೆ ತೇಲುತ್ತಿತ್ತು. ಆಗ ಭುಜಬಲದ ಮೇಲಿನ ಬಂದೂಕುಗಳು ಅದನ್ನು ದೂರದಿಂದಲೇ ಹೊಡೆದು ಮುಳುಗಿಸುತ್ತಿದ್ದವು.

ಆ ಸಂಜೆ ಕೊನೆಯ ಗುಂಡು ತೇಲಿದಾಗ ಮಂಜು ಕವಿಯತೊಡಗಿತ್ತು. ಭುಜಬಲ ಹೆದರಿ ಮೂತಿಯನ್ನು ಬಂದರಿನತ್ತ ತಿರುಗಿಸಿತು.

"ಹಗ್ಗ ಬಿಚ್ಚು, ಬಂದರಿಗೆ ಹೋಗಿಬಿಡೋಣ," ಎಂದಿತು.

"ಅಣ್ಣಾ, ಗುಂಡು ಇನ್ನೂ ಕಾಣುತ್ತಿದೆ. ಮುಳುಗಿಸಿಯೇ ಹೋಗೋಣ," ಎಂದಿತು ಸೀಗಡಿ.

"ನಮ್ಮ ಹಾದಿಯಿಂದ ಕಿತ್ತಿದ್ದಾಯಿತು. ಇನ್ನು ಅದು ಎಲ್ಲಿಗೆ ಹೋದರೆ ನಮಗೇನು?"

ಭುಜಬಲ ಹೊರಟಿತು. ಸೀಗಡಿ ಹಿಂದೆ ಬಂತು. ಮಂಜು ಎಷ್ಟು ದಟ್ಟವಾಯಿತೆಂದರೆ ಒಂದಕ್ಕೊಂದು ಕಾಣದಾದವು. ಬಂದರಿನ ಬಾಯಿಗೆ ಬಂದ ಭುಜಬಲ ದಾರಿ ತಡಕುತ್ತ ನಿಧಾನಿಸಿತು. ಬೆನ್ನ ಹಿಂದೆಯೇ ನೀರು ಕಲಕಿದ ಸದ್ದಾಯಿತು.

"ಸೀಗಡೀ, ಅಷ್ಟು ಹತ್ತಿರ ಬರಬೇಡ, ತಾಗೀಯೆ!"

"ನಾನು ಸೀಗಡಿಯಲ್ಲ," ಎಂದಿತು ಒಂದು ದನಿ. "ಕಟ್ಟಿಹಾಕಿದ್ದಾಗ ನಾನು ಇದ್ದಲ್ಲೇ ಇರುತ್ತಿದ್ದೆ. ಬಿಡಿಸಿದವನು ನೀನು. ಈಗ ಉಬ್ಬರದ ನೀರು ಎತ್ತ ಒಯ್ದರೆ ಅತ್ತ ಬರುತ್ತೇನೆ."

ಭುಜಬಲ ಇಂಜಿನ್ ನಿಲ್ಲಿಸಿತು. ಅಲೆಗಳು ನಿಲ್ಲಲಿಲ್ಲ.