ಮಡಿಹಾಸಿನ ಗುಡ್ಡ

ನಮ್ಮೂರು ಮುರಡಿಹಾಳದ ಬಡಗಣ ದಿಕ್ಕಿಗೆ ಒಂದು ಗುಡ್ಡವಿದೆ. ಈ ಸೀಮೆಯಲ್ಲಿ ಗುಡ್ಡಗಳಿಗೇನೂ ಬರವಿಲ್ಲ, ಒಬ್ಬೊಬ್ಬರ ಹೊಲದಲ್ಲೂ ಒಂದೊಂದು ಬಂಡೆರಾಶಿ ಬಿದ್ದಿರುತ್ತದೆ. ಆದರೆ ಹತ್ತು ಹರದಾರಿ ಸುತ್ತಿ ಬನ್ನಿ, ನಮ್ಮ ಗುಡ್ಡದಂಥದ್ದು ಇನ್ನೊಂದು ತೋರಿಸಿದರೆ ನಾನು ಮೀಸೆ ಬೋಳಿಸುತ್ತೇನೆ. ಕಾಡಿಗೆಯಂಥ ಕರಿಬಂಡೆ. ಅದರ ಬುಡದಿಂದ ನೆತ್ತಿಯವರೆಗೆ ಎರಡು ಮೊಳ ಅಗಲದ ಒಂದು ಬಿಳಿಯ ಪಟ್ಟೆ, ಈಗತಾನೇ ಒಗೆದ ಪಂಚೆಗಳನ್ನು ಯಾರೋ ಒಂದರ ಹಿಂದೊಂದು ಹಾಸುತ್ತ ಹತ್ತಿಹೋದಂತೆ. ನಾವೇ ಸುಣ್ಣ ಬಳಿದಿದ್ದೇವೆ ಎಂದು ಪಕ್ಕದೂರಿನವರು ಗೇಲಿ ಮಾಡುತ್ತಾರೆ. ಸುಣ್ಣವಾದರೆ ಎಷ್ಟು ಮಳೆಗಾಲ ನಿಂತೀತು? ಒಮ್ಮೆ ಕಾಲೇಜಿನ ಮೇಷ್ಟ್ರೊಬ್ಬರು ಬಂದು ಇದು ಬೆಣಚುಕಲ್ಲು ಎಂದರು. ಕಲ್ಲು ಯಾವುದೆಂದು ನಮಗೂ ಗೊತ್ತು. ನೆತ್ತಿಯ ಹತ್ತಿರ ಪಟ್ಟೆ ಏಕಾಏಕಿ ನಿಂತು, ಎಂಟು ಮೊಳ ಬರಿಯ ಕರಿಬಂಡೆ ಉಳಿದಿದೆಯಲ್ಲ, ಅದೇಕೆ ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ಆ ಎಂಟು ಮೊಳದಾಚೆ ಮಣ್ಣಿನ ಒಂದು ಸಣ್ಣ ದಿಬ್ಬವಿದೆ, ಏಳು ವರ್ಷದ ಮಗು ಮಲಗುವಷ್ಟು. ಇದರ ಕಥೆಯನ್ನು ಬೇರೆಯವರು ಹೇಳಿದರೆ ನಂಬಬೇಡಿ. ನಾನು ಗೌಡರ ಮನೆಯವನು. ತಪ್ಪು ಮಾಡಿದವರು ನಮ್ಮ ಮನೆಯವರೇ ಆದ್ದರಿಂದ ನಮಗೇ ಸರಿಯಾಗಿ ಗೊತ್ತಿರುವುದು.

ಹಿಂದೆ, ಎಷ್ಟು ಹಿಂದೆ ಎಂದು ಹೇಳುವವರು ಈಗ ಯಾರೂ ಉಳಿದಿಲ್ಲ, ನಮ್ಮೂರಲ್ಲಿ ಮಡಿವಾಳರದು ಒಂದೇ ಮನೆಯಿತ್ತು. ಗಂಡ ತೀರಿಕೊಂಡ ಮೇಲೆ ಮಾಚವ್ವ ಎಂಬಾಕೆ ಒಬ್ಬಳೇ ಇಡೀ ಊರಿನ ಬಟ್ಟೆ ಒಗೆಯುತ್ತಿದ್ದಳು. ಸತ್ತವರನ್ನು ಗುಡ್ಡದ ನೆತ್ತಿಯ ಮಣ್ಣಿಗೆ ಒಯ್ಯುವಾಗ ದಾರಿಗೆ ನಡೆಮಡಿ ಹಾಸುವುದೂ ಅವಳ ಕೆಲಸವೇ. ಹೆಣ ಹೆಗಲ ಮೇಲೆ ಹೋದರೂ ಜೀವ ಕೆಳಗೆ ನಡೆದುಕೊಂಡೇ ಹೋಗುತ್ತದೆ, ಅದರ ಕಾಲು ಬರಿನೆಲಕ್ಕೆ ತಾಕಿದರೆ ದಾರಿ ತಪ್ಪುತ್ತದೆ ಎಂಬುದು ನಮ್ಮಲ್ಲಿನ ನಂಬಿಕೆ. ಹಾಗಾಗಿ ಒಗೆದ ಎರಡು ಬಟ್ಟೆ ಹಿಡಿದು ಮುಂದೆ ಹಾಸುವುದು, ಹೆಣ ದಾಟಿದ ಮೇಲೆ ಹಿಂದಿನದನ್ನು ತಂದು ಮತ್ತೆ ಮುಂದೆ ಹಾಸುವುದು. ಮಾಚವ್ವ ಹಾಸಿದ ಮಡಿಯ ಮೇಲೆ ನಡೆಯದೆ ನಮ್ಮೂರಿನ ಒಂದು ಹೆಣವೂ ಮಣ್ಣು ಕಂಡಿರಲಿಲ್ಲ ಎನ್ನುತ್ತಾರೆ.

ಅವಳಿಗೆ ಹೊನ್ನಿ ಎಂಬ ಏಳು ವರ್ಷದ ಮಗಳು. ಹಳ್ಳದ ಒಗೆಯುವ ಬಂಡೆಗೆ ತಾಯಿಯ ಹಿಂದೆಯೇ ಹೋಗುತ್ತಿದ್ದಳು. ಬೇಸಿಗೆಯ ಮಧ್ಯಾಹ್ನ ಬಂಡೆ ಕಾದು ಕಾಲು ಚುರ್ರೆಂದು ಅವಳು ಅಳತೊಡಗಿದರೆ ಮಾಚವ್ವ ಹಿಂಡಿದ ಬಟ್ಟೆಯೊಂದನ್ನು ಒದ್ದೆಯಾಗಿಯೇ ಬಂಡೆಯ ಮೇಲೆ ಹಾಸುವಳು. ಹುಡುಗಿ ಅದರ ಮೇಲೆ ಕುಣಿದುಕೊಂಡು ದಾಟುವಳು. ಊರ ಹೆಂಗಸರು ಇದನ್ನು ದಿನಾ ನೋಡುತ್ತಿದ್ದರು. ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ ಹೊನ್ನಿಗೆ ಜ್ವರ ಬಂತು. ಮೂರನೆಯ ದಿನ ತೀರಿಕೊಂಡಳು.

ಎಳೆಯ ಮಕ್ಕಳನ್ನು ಚಟ್ಟದ ಮೇಲೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ತಂದೆಯೋ ಸೋದರಮಾವನೋ ಎತ್ತಿಕೊಂಡು ಹೋಗಬೇಕು, ಮನೆಯ ಹೊಸಿಲು ದಾಟಿದ ಮೇಲೆ ಎಲ್ಲಿಯೂ ಕೆಳಗಿಡುವಂತಿಲ್ಲ. ತಂದೆ ಇರಲಿಲ್ಲ. ಸೋದರಮಾವನ ಊರು ಹಳ್ಳದಾಚೆ. ಮೇಲೆಲ್ಲೋ ಮಳೆಯಾಗಿ ಹಳ್ಳ ತುಂಬಿ ಹರಿಯುತ್ತಿತ್ತು. ಹಾಗಾಗಿ ಎತ್ತಿಕೊಳ್ಳುವವಳು ಮಾಚವ್ವನೇ. ಎತ್ತಿಕೊಂಡರೆ ಹಾಸುವವರಾರು? ಅವಳು ಗೌಡರ ಕಟ್ಟೆಯ ಮುಂದೆ ನಿಂತು ಕೇಳಿದ್ದು ಇಷ್ಟೇ: ದಾರಿಯುದ್ದಕ್ಕೂ ಮಡಿ ಹಾಸಲು ಒಬ್ಬರು ಬರಬೇಕು. ಆಗ ಗೌಡಿಕೆ ಪರ್ವತಗೌಡನದು. ಕೆಟ್ಟವನೇನಲ್ಲ, ಆದರೆ ಪದ್ಧತಿಯ ಮಾತು ಬಂದರೆ ಕಲ್ಲು.

"ಗುಡ್ಡಕ್ಕ ಬರ್ತೀವಿ ಮಾಚವ್ವ, ಮಣ್ಣು ಹಾಕ್ತೀವಿ," ಎಂದನಂತೆ. "ಹಾಸೋ ಕೆಲಸ ನಿಮ್ಮ ಮನೆತನದ್ದು. ಇವತ್ತು ನಾವು ಹಾಸಿದ್ರ ನಾಳೆ ಅದು ಯಾರ ಕೆಲಸ ಅಂತ ಜಗಳಾಗ್ತೈತಿ."

"ನನ್ನ ಕೈಯಾಗ ಕೂಸಿರ್ತೈತ್ರಿ ಗೌಡ್ರ," ಎಂದಳು ಮಾಚವ್ವ.

ಕೈ ಸಾಲದಿದ್ದರೆ ನಿನ್ನ ಕತ್ತೆಗೆ ಹಾಸೋದು ಕಲಿಸು ಎಂದು ಗುಂಪಿನಲ್ಲಿ ಒಬ್ಬ ಅಂದ. ಇಬ್ಬರು ಮೂವರು ನಕ್ಕರು. ಅಂದವನ ಹೆಸರನ್ನು ಊರು ಬೇಕೆಂದೇ ಮರೆತಿದೆ.

ಮಾಚವ್ವ ಒಬ್ಬಳೇ ಹೋಗಿ ನೆತ್ತಿಯಲ್ಲಿ ಕುಣಿ ತೋಡಿ ಬಂದಳು. ಮಗಳಿಗೆ ನೀರು ಹಾಕಿ, ತಲೆ ಬಾಚಿ, ಹೊಸಿಲ ಒಳಗೆ ಗೋಡೆಗೆ ಒರಗಿಸಿದಳು. ಒಗೆದು ಮಡಚಿಟ್ಟ ಊರಿನ ಬಟ್ಟೆಯ ಗಂಟುಗಳು ಮನೆಯಲ್ಲಿದ್ದವು. ಅವನ್ನು ಬಿಚ್ಚಿದಳು. ಗೌಡರ ಪಂಚೆ, ಶಾನುಭೋಗರ ಶಲ್ಯ, ಪೂಜಾರಿಯ ರೇಷ್ಮೆ ಮಗುಟ, ಮದುಮಗಳ ಕೆಂಪು ಸೀರೆ, ಯಾರನ್ನೂ ಬಿಡದೆ ಗುಡ್ಡದ ಬುಡದಲ್ಲೇ ಇದ್ದ ತನ್ನ ಬಾಗಿಲಿನಿಂದ ಹಾಸುತ್ತ ಹಾಸುತ್ತ ಗುಡ್ಡ ಹತ್ತಿದಳು. ತಮ್ಮ ಬಟ್ಟೆಗಳು ಹೆಣದ ದಾರಿಗೆ ಬಿದ್ದದ್ದನ್ನು ಕಂಡು ಊರಿಗೆ ಊರೇ ಹಿಂದೆ ಬಂತು. ಹಾಸಿದ ಬಟ್ಟೆಯನ್ನು ಎತ್ತುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಅವಳು ಇಳಿದು ಬಂದು ಮಗಳನ್ನು ಎತ್ತಿಕೊಂಡು ಮಡಿಯ ಮೇಲೆ ನಡೆದಳು. ಕುಣಿಗೆ ಎಂಟು ಮೊಳ ಇರುವಾಗ ಬಟ್ಟೆ ಮುಗಿದಿತ್ತು.

ಹೊತ್ತು ನೆತ್ತಿಗೇರಿತ್ತು. ಕೊನೆಯ ಪಂಚೆಯ ತುದಿಯಲ್ಲಿ ನಿಂತು ಅವಳು ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: "ಹಿಂದಿಂದೊಂದು ತಗದು ಮುಂದ ಹಾಸ್ರಿ. ಯಾರರ ಒಬ್ರು. ಬಂಡಿಗಲ್ಲು ಕಾದೈತಿ, ನನ್ನ ಮಗಳು ಕಾಲಿಡಾಂಗಿಲ್ಲ."

ಬಗ್ಗಿ ಒಂದು ಬಟ್ಟೆ ಎತ್ತುವಷ್ಟೇ ಕೆಲಸ. ಊರು ಗೌಡನ ಮುಖ ನೋಡಿತು, ಗೌಡ ನೆಲ ನೋಡಿದ. ಅವನ ಹೆಗಲ ಮೇಲೊಂದು ಶಲ್ಯವಿತ್ತು. ಮಾಚವ್ವ ಹಾಗೆಯೇ ನಿಂತಳು. ನೆರಳು ಉದ್ದವಾಯಿತು, ಜನ ಒಬ್ಬೊಬ್ಬರಾಗಿ ಇಳಿದು ಹೋದರು. ಮರುದಿನ ಬೆಳಗ್ಗೆ ಬಟ್ಟೆ ತರಲು ಹತ್ತಿದವರಿಗೆ ಮಾಚವ್ವನೂ ಇರಲಿಲ್ಲ, ಮಗುವೂ ಇರಲಿಲ್ಲ. ಕುಣಿ ಬಾಯಿ ತೆರೆದೇ ಇತ್ತು. ಬಟ್ಟೆ ಎತ್ತಹೋದವರ ಉಗುರು ಮುರಿಯಿತು: ಕೆಂಪು ಸೀರೆ, ನೀಲಿ ರುಮಾಲು, ಎಲ್ಲವೂ ಬಿಳಿಗಲ್ಲಾಗಿ ಬಂಡೆಯೊಳಗೆ ಇಳಿದಿದ್ದವು.

ಅಲ್ಲಿಂದಾಚೆಗೆ ನಡುಮಧ್ಯಾಹ್ನ ಯಾರೂ ಇಲ್ಲದ ಹಳ್ಳದಲ್ಲಿ ಬಟ್ಟೆ ಒಗೆಯುವ ಸದ್ದು ಕೇಳತೊಡಗಿತು. ಹೊಲದಲ್ಲಿದ್ದವರು ತಲೆಯೆತ್ತಿದರೆ ಗುಡ್ಡದ ನೆತ್ತಿಯಲ್ಲಿ ಒಬ್ಬಳು ಏನನ್ನೋ ಎದೆಗವಚಿ ನಿಂತಂತೆ ಕಾಣುವುದು. ಹತ್ತಿರ ಹೋದರೆ ಬಂಡೆಯ ಝಳ ಮಾತ್ರ. ಊರಿನ ಯಾವ ಚಟ್ಟವೂ ಆ ಎಂಟು ಮೊಳ ದಾಟಲಿಲ್ಲ. ಬಿಳಿ ಪಟ್ಟೆ ಮುಗಿದಲ್ಲಿ ಹೆಣ ಕಬ್ಬಿಣದಂತೆ ಭಾರವಾಗಿ ಹೊತ್ತವರ ಮೊಣಕಾಲು ಮಡಚುತ್ತಿತ್ತು. ಮೂರು ಹೆಣಗಳನ್ನು ತಿರುಗಿಸಿ ತಂದು ಹೊಲದ ಬದುವಿನಲ್ಲಿ ಹೂತರು. ಆ ಸತ್ತವರ ಮನೆಯ ಅಂಗಳದಲ್ಲಿ ಮಧ್ಯಾಹ್ನಕ್ಕೆ ಬಂದು ಹೋಗುವ ಹೆಜ್ಜೆ ಸದ್ದು ನಿಲ್ಲಲೇ ಇಲ್ಲ ಎನ್ನುತ್ತಾರೆ.

ಎರಡು ವರ್ಷವಾದ ಮೇಲೆ ಪರ್ವತಗೌಡನ ತಾಯಿ ಶಿವಗಂಗವ್ವ ಹಾಸಿಗೆ ಹಿಡಿದಳು. ಸಾಯುವ ಮುನ್ನ ಮಗನನ್ನು ಕರೆದು ಹೇಳಿದಳು. ಆ ದಿನ ತಾನೂ ಗುಡ್ಡದ ಮೇಲಿದ್ದೆ, ತನ್ನ ಮೈಮೇಲೂ ಒಂದು ಚಾದರವಿತ್ತು, ಮಗ ಏನಂದಾನೋ ಎಂದು ಸುಮ್ಮನಿದ್ದೆ ಎಂದಳು. "ಆ ಕೂಸಿಗಿಂತ ಮುಂಚೆ ನನ್ನ ದಾಟಿಸಬ್ಯಾಡೋ ಯಪ್ಪ. ಮೊದಲು ಅದನ್ನ ದಾಟಿಸು."

ಅವಳ ಚಟ್ಟವೂ ಅಲ್ಲಿಯೇ ನಿಂತಿತು. ಪರ್ವತಗೌಡ ಶಲ್ಯ ತೆಗೆದು ಕರಿಬಂಡೆಯ ಮೇಲೆ ಹಾಸಿದ. ಭಾರ ಇಳಿಯಲಿಲ್ಲ. ರುಮಾಲು ಬಿಚ್ಚಿ ಹಾಸಿದ. ಇಳಿಯಲಿಲ್ಲ. ಹೊತ್ತವರು ನರಳತೊಡಗಿದರು. ಆಗ ಹೆಂಗಸರ ಗುಂಪಿನಿಂದ ಯಾರೋ ಅಂದರು: "ಒದ್ದಿ ಮಾಡ್ರಿ ಗೌಡ್ರ. ಆಕಿ ಒದ್ದಿ ಹಾಸ್ತಿದ್ಲು."

ಗೌಡ ಅವೆರಡನ್ನೂ ಎತ್ತಿಕೊಂಡು ಗುಡ್ಡ ಇಳಿದು ಹಳ್ಳಕ್ಕೆ ಹೋದ. ಮಾಚವ್ವನ ಬಂಡೆಯ ಮೇಲೆ ಊರೆಲ್ಲ ನೋಡುತ್ತಿರುವಂತೆ ತನ್ನ ಕೈಯಿಂದಲೇ ಒಗೆದ. ಒಗೆಯಲು ಬಾರದೆ ಬೆರಳ ಗಂಟು ಕಿತ್ತು ರಕ್ತ ಬಂತಂತೆ. ಹಿಂಡಿ ತಂದು, ಮೊಣಕಾಲೂರಿ ಎಂಟು ಮೊಳಕ್ಕೂ ಹಾಸಿ, "ಹೋಗವ್ವ ಹೊನ್ನಿ, ಸುಡಾಂಗಿಲ್ಲ," ಎಂದು ಸರಿದು ನಿಂತ. ಗಾಳಿಯಿರಲಿಲ್ಲ. ಒದ್ದೆ ಬಟ್ಟೆ ಒಂದೊಂದೇ ಕಡೆ, ಅಂಗೈಯಷ್ಟಗಲ, ಒತ್ತಿದಂತೆ ತಗ್ಗುತ್ತ ಹೋಯಿತು. ಅದರ ಹಿಂದೆಯೇ ದೊಡ್ಡ ಹೆಜ್ಜೆಗಳು. ಬಳಿಕ ಚಟ್ಟ ಹೂವಿನಂತೆ ಹಗುರಾಯಿತು. ಶಿವಗಂಗವ್ವನನ್ನು ಮಣ್ಣು ಮಾಡಿ ತಿರುಗಿದವರು ನೋಡಿದರೆ, ಎರಡು ವರ್ಷ ಬಾಯಿ ತೆರೆದಿದ್ದ ಸಣ್ಣ ಕುಣಿ ಮುಚ್ಚಿತ್ತು. ಮೇಲಿನ ಮಣ್ಣನ್ನು ಯಾರೋ ಕೈಯಿಂದ ತಟ್ಟಿ ಸಮ ಮಾಡಿದ್ದರು. ಬೆರಳುಗಳ ಗುರುತು ಹಾಗೆಯೇ ಇತ್ತು. ಅಂದಿನಿಂದ ಅದು ಮಡಿಹಾಸಿನ ಗುಡ್ಡ.

ಈಗಲೂ ನಮ್ಮೂರಲ್ಲಿ ಯಾರೇ ಸಾಯಲಿ, ಯಾವ ಜಾತಿಯವರೇ ಆಗಲಿ, ದಾರಿಯಲ್ಲಿ ಸತ್ತ ಪರದೇಶಿಯೇ ಆಗಲಿ, ಗೌಡರ ಮನೆಯ ಗಂಡಸು ಹಳ್ಳದಲ್ಲಿ ಬಟ್ಟೆ ಒಗೆದು ತಂದು ಆ ಎಂಟು ಮೊಳಕ್ಕೆ ಒದ್ದೆಯಾಗಿ ಹಾಸುತ್ತಾನೆ. ಈಗ ನಾಲ್ಕು ವರ್ಷದಿಂದ ಹಾಸುವವನು ನಾನು. ನನ್ನಷ್ಟು ನೀಟಾಗಿ ನಮ್ಮಪ್ಪನೂ ಹಾಸುತ್ತಿರಲಿಲ್ಲ ಎಂದು ಊರೇ ಹೇಳುತ್ತದೆ. ನೀವು ಬಂದರೆ ಬಿಳಿ ಪಟ್ಟೆಯನ್ನು ನೋಡಬಹುದು, ಪಟ್ಟೆ ನಿಂತ ಜಾಗವನ್ನೂ ಆಚೆಯ ದಿಬ್ಬವನ್ನೂ ನೋಡಬಹುದು. ದಿಬ್ಬದ ಮೇಲೆ ಹುಲ್ಲು ಬೆಳೆಯುವುದಿಲ್ಲ. ಮಳೆ ಹೊಯ್ದ ಮರುದಿನವೂ ಮಣ್ಣು ತಟ್ಟಿದಂತೆ ನುಣುಪಾಗಿರುತ್ತದೆ. ಶಾಲೆಯಲ್ಲಿದ್ದಾಗ ಉದ್ದಜಿಗಿತದಲ್ಲಿ ತಾಲೂಕಿಗೇ ಮೊದಲ ಬಹುಮಾನ ತಂದವನು ನಾನು. ಎಂಟು ಮೊಳ ನನಗೆ ಯಾವ ಲೆಕ್ಕ? ಒಂದೇ ನೆಗೆತಕ್ಕೆ ದಾಟು ಎಂದು ಒಮ್ಮೆ ಗೆಳೆಯರು ಪಂದ್ಯ ಕಟ್ಟಿದರು. ನಡುಮಧ್ಯಾಹ್ನ ಪಟ್ಟೆಯ ಮೇಲೆ ಓಡಿ ಬಂದು ತುದಿಯಲ್ಲಿ ನಿಂತುಬಿಟ್ಟೆ. ಮುಂದಿನ ಬಂಡೆ ಕೆಂಡದಂತೆ ಕಾದಿತ್ತು. ನಾನು ನಿಂತಿದ್ದ ಬಿಳಿಗಲ್ಲು ಮಾತ್ರ, ಬರಿಗಾಲಿಗೆ, ಈಗತಾನೇ ಹಿಂಡಿ ಹಾಸಿದಂತೆ ತಣ್ಣಗಿತ್ತು.